ಹೂದೋಟದ ಕಸುಬು ಮತ್ತು ಅದರ ಗಿರಾಕಿಗಳು

ಈಚಿನ ವರ್ಷಗಳಲ್ಲಿ ನಮ್ಮ ತಾಲ್ಲೂಕು ಪಟ್ಟಣಗಳ ಸುತ್ತಲೂ ಹೊಸ ಬಡಾವಣೆಗಳು ಎದ್ದಿರುವುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಸರಿ. ಹಿಂದೆ ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮನೆಗಳೂ ಕಲ್ಯಾಣ ಮಂಟಪಗಳೂ ಶಾಲೆಗಳೂ ನಿಂತಿವೆ. ಮನೆ ಕಟ್ಟಿಸಿದವರಿಗೆ ಅಂಗಳದಲ್ಲಿ ನಾಲ್ಕು ಹೂವಿನ ಗಿಡಗಳೂ ಒಂದಿಷ್ಟು ಹಸುರೂ ಇರಬೇಕೆಂಬ ಆಸೆ ಸಹಜವಾದುದು. ಈ ಆಸೆಯನ್ನು ನಂಬಿ, ಹಲವು ಮಂದಿ ಹಿಡುವಳಿದಾರರ ಮಕ್ಕಳು ರಸ್ತೆಯ ಬದಿಯ ಸ್ವಂತ ಜಮೀನಿನಲ್ಲಿ ಸಸಿಗಳನ್ನು ಬೆಳೆಸಿ, ಪಟ್ಟಣಿಗರ ಅಂಗಳಗಳಲ್ಲಿ ಹೂದೋಟಗಳನ್ನು ಹಾಕಿಕೊಡುವ ಕಸುಬಿಗೆ ಕೈಹಾಕಿರುವರು. ಬೇಸಾಯದ ಅನುಭವವೂ ನೆಲವೂ ನೀರೂ ಉಳ್ಳ ಮನೆತನಗಳಿಗೆ ಇದಕ್ಕಿಂತ ಒಪ್ಪುವ ಉಪಕಸುಬು ಬೇರೊಂದು ದೊರೆಯುವುದು ಕಷ್ಟ.

ಆದರೆ ಇಂಥ ಕಸುಬುಗಳಲ್ಲಿ ಹಲವು ಎರಡು ಮೂರು ವರ್ಷಗಳೊಳಗಾಗಿ ಮುಚ್ಚಿಹೋಗುವುದನ್ನು ನಾನು ಸಂಚಾರಕಾಲದಲ್ಲಿ ಕಂಡಿದ್ದೇನೆ. ಕಾರಣವನ್ನು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: “ಗಿರಾಕಿಗಳು ಬರುವುದಿಲ್ಲ.” ಇದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಗಿರಾಕಿಗಳು ಬರುವ ದಾರಿಯೊಂದುಂಟು. ಆ ದಾರಿಯಲ್ಲಿ ನಡೆಯಲು ನಮ್ಮ ಮನೆತನಗಳು ನಾಚಿಕೊಳ್ಳುತ್ತವೆ. ಈ ನಾಚಿಕೆಯ ವಿಷಯವಾಗಿ ಗ್ರಾಮದ ಯಜಮಾನರಲ್ಲಿಯೂ ಜಮೀನುದಾರರಲ್ಲಿಯೂ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಪ್ರಾಂತದ ಒಂದು ಗ್ರಾಮದಲ್ಲಿ ನಾಲ್ಕು ಎಕರೆ ಖುಷ್ಕಿಯೂ ಅರ್ಧ ಎಕರೆ ಬಾಗಾಯತೂ ಉಳ್ಳ ಒಬ್ಬ ಯಜಮಾನರಿರುವರು. ಊರಿನ ನ್ಯಾಯ ತೀರ್ಮಾನಗಳಲ್ಲಿ ಅವರ ಮಾತಿಗೆ ತೂಕವುಂಟು. ಅವರ ಎರಡನೆಯ ಮಗನು ಸಹಕಾರ ಸಂಘದಲ್ಲಿ ಸಾಲ ತೆಗೆದು, ಎಂಟು ಗುಂಟೆ ನೆಲದಲ್ಲಿ ನೆರಳುಬಲೆ ಕಟ್ಟಿಸಿ ನರ್ಸರಿಯನ್ನು ಆರಂಭಿಸಿದನು. ಹುಡುಗನು ಕಷ್ಟಸಹಿಷ್ಣು, ಕಸಿ ಕಟ್ಟುವುದರಲ್ಲಿ ಕೈ ಪಳಗಿದವನು. ಮೊದಲನೆಯ ವರ್ಷ ಪಟ್ಟಣದ ಒಂಬತ್ತು ಮನೆಗಳಲ್ಲಿ ತೋಟ ಹಾಕಿಕೊಟ್ಟನು. ಎರಡನೆಯ ವರ್ಷ ದೊರೆತ ಕೆಲಸ ಎರಡೇ. ಮಾರಾಟವಾಗದ ಸಸಿಗಳ ಬೇರುಗಳು ಚೀಲದೊಳಗೇ ಸುತ್ತಿಕೊಂಡು, ಕೆಲವು ಚೀಲವನ್ನು ಹರಿದು ನೆಲಕ್ಕೆ ಇಳಿದವು. ಸಾಲದ ಕಂತು ನಿಂತಿತು. ತಂದೆಯವರು ನನ್ನನ್ನು ಕಂಡು, “ಸ್ವಾಮಿ, ಇವನು ಬಲೆಯನ್ನು ಬಿಚ್ಚಿ ರಾಗಿಗೆ ಹಿಂದಿರುಗಲೋ, ಬೆಂಗಳೂರಿಗೆ ಹೋಗಿ ಬಾಡಿಗೆ ಕಾರು ನಡೆಸಲೋ, ನೀವೇ ಹೇಳಿಬಿಡಿ” ಎಂದು ಕೇಳಿದರು.

ಆಗ ನಾನು ಕೊಟ್ಟ ಸಲಹೆ ತಪ್ಪಾಗಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕರಪತ್ರಗಳನ್ನು ಅಚ್ಚುಹಾಕಿಸಿ ಹಂಚು, ದರವನ್ನು ಕಾಲುಪಾಲು ಇಳಿಸು ಎಂದು ಹುಡುಗನಿಗೆ ಹೇಳಿದೆನು. ಅವನು ಹಾಗೆಯೇ ಮಾಡಿದನು. ಸಾವಿರ ಕರಪತ್ರಗಳಿಗೆ ಮೂವರು ವಿಚಾರಿಸಿದರು. ಮೂವರೂ ಇಳಿಸಿದ ದರವನ್ನು ಇನ್ನಷ್ಟು ಇಳಿಸೆಂದರು. ಹೀಗಾದ ಮೇಲೆ, ಮೊದಲು ಹಾಕಿದ ಒಂಬತ್ತು ತೋಟಗಳು ಹೇಗಿವೆ ಎಂದು ಕೇಳಿದೆನು. ಅವನಿಗೆ ತಿಳಿದಿರಲಿಲ್ಲ. ನೆಟ್ಟು ಹಣ ತೆಗೆದುಕೊಂಡು ಬಂದವನು ಆ ಬೀದಿಗಳಿಗೆ ಮತ್ತೆ ಹೋಗಿರಲಿಲ್ಲ.

ಏಪ್ರಿಲ್ ತಿಂಗಳಿನ ಒಂದು ದಿನ ನಾವಿಬ್ಬರೂ ಒಂಬತ್ತು ಮನೆಗಳನ್ನೂ ಸುತ್ತಿ ಬಂದೆವು. ಆರು ಮನೆಗಳಲ್ಲಿ ಹುಲ್ಲು ಒಣಗಿ ನೆಲ ಬಿರಿದಿತ್ತು. ಬೇಲಿಗಿಡಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಎರಡು ಮನೆಯವರು ಎಲ್ಲವನ್ನೂ ಕಿತ್ತು ಸಿಮೆಂಟು ಕಲ್ಲು ಹಾಸಿಬಿಟ್ಟಿದ್ದರು. ಒಂದು ಮನೆಯ ತೋಟ ಮಾತ್ರ ಕಣ್ಣು ತಣಿಯುವಂತಿತ್ತು. ಅದರ ಯಜಮಾನರು ನಿವೃತ್ತರಾದ ಉಪಾಧ್ಯಾಯರು. ಬೆಳಗಿನ ಹೊತ್ತು ತಾವೇ ಪಾತಿ ಕೆದಕಿ ನೀರು ಹಾಕುತ್ತಿದ್ದರು. ಎರಡನೆಯ ವರ್ಷ ದೊರೆತ ಎರಡು ಕೆಲಸಗಳೂ ಇವರ ಎದುರುಮನೆ, ಪಕ್ಕದಮನೆಗಳದೇ ಎಂಬುದು ಆಗ ಹುಡುಗನ ನೆನಪಿಗೆ ಬಂದಿತು. ಉಳಿದ ಎಂಟು ಮನೆಗಳು ಎರಡು ವರ್ಷದಿಂದ ಆಯಾ ಬೀದಿಯವರಿಗೆಲ್ಲ ಇವನ ಕೆಲಸ ಬೇಡವೆಂದು ಸಾರುತ್ತಿದ್ದವು. ಇದಕ್ಕೆದುರಾಗಿ ಸಾವಿರ ಕರಪತ್ರಗಳು ಏನು ತಾನೇ ಮಾಡಬಲ್ಲವು?

ಆ ತೋಟಗಳು ಒಣಗಿದುದಕ್ಕೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೊದಲನೆಯದು ನೀರು. ಒಂದು ಗುಂಟೆ ಎಂದರೆ ೧೦೮೯ ಚದರ ಅಡಿ. ಅಷ್ಟು ನೆಲದ ಹುಲ್ಲುಹಾಸಿಗೆ ಬೇಸಗೆಯಲ್ಲಿ ದಿನಕ್ಕೆ ಕಾಲಂಗುಲ ನೀರು ಕೊಡಬೇಕಾದರೆ ಸುಮಾರು ೬೪೦ ಲೀಟರು ಬೇಕು. ೨೦೧೯ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮದ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರೆಂದು ಲೆಕ್ಕವಿಟ್ಟಿದೆ. ಆದಕಾರಣ ಒಂದು ಗುಂಟೆ ಹುಲ್ಲು ಹನ್ನೊಂದು ಜನರ ನೀರಿಗಿಂತಲೂ ಹೆಚ್ಚನ್ನು ಕುಡಿಯುತ್ತದೆ. ಮಳೆಗಾಲದಲ್ಲಿ ಹುಲ್ಲು ಹಾಸಿಸಿಕೊಂಡ ಮನೆಯವರಿಗೆ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ. ಕೊಳವೆಬಾವಿಯ ನೀರು ತಗ್ಗಿದ ಕೂಡಲೇ ಅವರು ಹುಲ್ಲಿನ ಆಸೆಯನ್ನು ಬಿಟ್ಟರು. ತೋಟ ಹಾಕಿದವನ ಮೇಲಿನ ನಂಬಿಕೆಯನ್ನೂ ಬಿಟ್ಟರು.

ಎರಡನೆಯದು ಮಣ್ಣು. ಪಾಯ ತೋಡಿದಾಗ ಫಲವತ್ತಾದ ಮೇಲ್ಮಣ್ಣು ಅಡಿಗೆ ಹೋಗುತ್ತದೆ. ಅಡಿಯ ಜೊಂಡುಮಣ್ಣು ಮೇಲೆ ಬರುತ್ತದೆ. ಇಟ್ಟಿಗೆಯ ಚೂರು, ಗಾರೆ, ಸಿಮೆಂಟಿನ ತೊಳಕಲು ಇವೆಲ್ಲವೂ ಅಂಗಳದಲ್ಲಿಯೇ ಸೇರಿ ಮಣ್ಣು ಕ್ಷಾರಗೊಳ್ಳುತ್ತದೆ. ಇದರ ಮೇಲೆ ನಾಲ್ಕಂಗುಲ ಕೆಮ್ಮಣ್ಣು ಹರಡಿ ಗಿಡ ನೆಟ್ಟರೆ, ಬೇರು ಕೆಳಗಿಳಿದ ದಿನವೇ ಗಿಡ ಸೊರಗತೊಡಗುತ್ತದೆ. ಮೂರನೆಯದು, ನೆಟ್ಟ ಮೇಲೆ ನೋಡುವವರಿಲ್ಲದಿದ್ದುದು. ಕಳೆ ಕೀಳುವುದು, ಪಾತಿ ಸಡಿಲಿಸುವುದು, ಕಾಲಕ್ಕೆ ಸರಿಯಾಗಿ ಸವರುವುದು, ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಹತ್ತಿದರೆ ಆ ಕೊಂಬೆಯನ್ನು ಕತ್ತರಿಸಿ ಸುಡುವುದು, ಇವು ಬೇಸಾಯಗಾರನಿಗೆ ಸ್ವಭಾವಸಿದ್ಧವಾದ ಕೆಲಸಗಳು. ಕಚೇರಿಗೆ ಹೋಗುವ ಪಟ್ಟಣಿಗರಿಗೆ ಇದೊಂದೂ ತಿಳಿಯದು.

ಈ ಮೂರನ್ನೂ ನೋಡಿದ ಮೇಲೆ ನಾನು ಹುಡುಗನಿಗೆ ಬೇರೆ ಸಲಹೆಯನ್ನು ಕೊಟ್ಟೆನು. ಹೊಸ ತೋಟಗಳನ್ನು ಅರಸುವ ಮೊದಲು ಹಾಕಿದ ತೋಟಗಳ ಪೋಷಣೆಯನ್ನು ವಹಿಸಿಕೋ. ಹದಿನೈದು ದಿನಗಳಿಗೊಮ್ಮೆ ಪ್ರತಿಯೊಂದು ಮನೆಗೂ ಹೋಗು. ತಿಂಗಳಿಗೆ ಇಷ್ಟೆಂದು ಸಣ್ಣ ಮೊಬಲಗನ್ನು ಗೊತ್ತುಮಾಡಿಕೊಂಡು ಕಳೆ ಕಿತ್ತು, ಗಿಡ ಸವರಿ, ಅಂಗಳ ಗುಡಿಸಿ ಬಾ ಎಂದೆನು. ಹುಡುಗನು ಒಪ್ಪಿದನು. ತಂದೆಯವರು ಒಪ್ಪಲಿಲ್ಲ. “ನಾಲ್ಕು ಆಳುಗಳಿಗೆ ಕೂಲಿ ಕೊಟ್ಟ ಮನೆ ನಮ್ಮದು. ನನ್ನ ಮಗ ಪರರ ಅಂಗಳದಲ್ಲಿ ಪೊರಕೆ ಹಿಡಿದರೆ ನಾನು ಸಂತೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಗಿಡ ಮಾರುವುದಾದರೆ ವ್ಯಾಪಾರ, ಇದು ಮಾಲಿಯ ಚಾಕರಿ” ಎಂದರು.

ಈ ಮಾತು ಆ ಒಬ್ಬ ಯಜಮಾನರದು ಮಾತ್ರವಲ್ಲ. ನಮ್ಮಲ್ಲಿ ಬಹುಮಂದಿಯ ಮನಸ್ಸಿನ ಮಾತು. ಆದುದರಿಂದಲೇ ಇದಕ್ಕೆ ನಿಧಾನವಾಗಿ ಉತ್ತರ ಹೇಳಬೇಕಾಗಿದೆ. ನಮ್ಮ ನಾಡಿನ ಉದ್ಯಾನಗಳ ಕೀರ್ತಿಯೆಲ್ಲವೂ ತೋಟ ಕಾಯ್ದವರಿಂದ ಬಂದದ್ದು. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗು ಇಂದಿಗೂ ನಿಂತಿರುವುದು ತಲೆಮಾರುಗಳ ತೋಟಗಾರರು ಅದನ್ನು ದಿನದಿನವೂ ನೋಡಿಕೊಂಡುದರಿಂದ. ಬರೋಡಾ ಸಂಸ್ಥಾನದ ತೋಟಗಳಲ್ಲಿ ಕೆಲಸ ಮಾಡುತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರನ್ನು ಮೈಸೂರು ಸಂಸ್ಥಾನದವರು ೧೯೦೮ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಅವರು ೧೯೩೨ರವರೆಗೆ ಅಧಿಕಾರದಲ್ಲಿದ್ದು, ವರ್ಷದ ಒಂದಲ್ಲ ಒಂದು ಕಾಲದಲ್ಲಿ ಯಾವುದಾದರೂ ಮರ ಹೂಬಿಟ್ಟಿರುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಗೊತ್ತುಮಾಡಿದರು. ಮರವು ಬೆಳೆದು ಹೂಬಿಡಲು ಹಲವು ವರ್ಷ ಬೇಕು. ಅಷ್ಟು ವರ್ಷ ಸಸಿಗಳನ್ನು ಕಾಯದೆ ಹೋಗಿದ್ದರೆ ಆ ಏರ್ಪಾಟು ಕಾಗದದಲ್ಲಿಯೇ ಉಳಿಯುತ್ತಿತ್ತು. ಉದ್ಯಾನಗಳ ಅಧಿಕಾರಿಯಾದವರಿಗೂ ಪೋಷಣೆಯೇ ಕೆಲಸವಾಗಿದ್ದಾಗ, ಅದು ಹಿಡುವಳಿದಾರನ ಮಗನಿಗೆ ಹೇಗೆ ಕೀಳಾದೀತು?

ಇನ್ನೊಂದು ಮಾತು. ಯಜಮಾನರು ತಮ್ಮ ಹೊಲದಲ್ಲಿ ಕಳೆ ಕೀಳುವುದಕ್ಕೆ ನಾಚುವುದಿಲ್ಲ. ಬಿತ್ತಿ ಬಂದು ಸುಗ್ಗಿಯವರೆಗೆ ಹೊಲದ ಕಡೆ ತಲೆಹಾಕದ ರೈತನನ್ನು ಕಂಡರೆ ನಗುತ್ತಾರೆ. ಬೇರೊಬ್ಬರ ಅಂಗಳದಲ್ಲಿ ನೆಟ್ಟುಬಂದು ಮತ್ತೆ ನೋಡದವನಿಗೂ ಅದೇ ನ್ಯಾಯ ಸಲ್ಲಬೇಕಲ್ಲವೆ?

ಪೋಷಣೆಯಿಂದ ಬರುವ ಹಣ ಅಲ್ಪವೆಂಬ ಆಕ್ಷೇಪಣೆ ನಿಜವಾದುದೇ. ಒಂದು ಹೊಸ ತೋಟದಲ್ಲಿ ಒಂದೇ ಸಲಕ್ಕೆ ಕೈಸೇರುವ ಲಾಭವು ಒಂದು ಮನೆಯ ಪೋಷಣೆಯಲ್ಲಿ ಹಲವು ತಿಂಗಳಿಗೆ ಬರುತ್ತದೆ. ಆದರೆ ಈ ಹಣ ಮಳೆಗಾಲ ಬೇಸಗೆಯೆನ್ನದೆ ತಿಂಗಳು ತಿಂಗಳು ಬರತಕ್ಕದ್ದು. ಸಾಲದ ಕಂತಿಗೆ ಇದೇ ಆಧಾರ. ಇದಕ್ಕಿಂತಲೂ ಮುಖ್ಯವಾದುದೇನೆಂದರೆ, ಹದಿನೈದು ದಿನಗಳಿಗೊಮ್ಮೆ ಒಂದೇ ಬೀದಿಯಲ್ಲಿ ಕಾಣಿಸಿಕೊಳ್ಳುವವನನ್ನು ಆ ಬೀದಿಯವರೆಲ್ಲರೂ ಬಲ್ಲರು. ಕಾಂಪೌಂಡಿನ ಆಚೆಯಿಂದ, “ನಮ್ಮ ಮನೆಯ ಮಲ್ಲಿಗೆ ಮೊಗ್ಗು ಬಿಡುವುದಿಲ್ಲ, ಸ್ವಲ್ಪ ನೋಡಪ್ಪ” ಎಂದು ಕರೆಯುವ ಗೃಹಿಣಿಯೇ ಮುಂದಿನ ಗಿರಾಕಿ. ಅವಳನ್ನು ಹುಡುಕಿಕೊಂಡು ಹೋಗುವ ಖರ್ಚಿಲ್ಲ. ದರದ ಚೌಕಾಸಿಯೂ ಅಷ್ಟಿಲ್ಲ. ಒಂದು ಬೀದಿಯಲ್ಲಿ ಐದು ಮನೆಗಳು ಸೇರಿದರೆ ಓಡಾಟದ ಖರ್ಚು ಐದರಲ್ಲಿ ಹಂಚಿಹೋಗುತ್ತದೆ. ಆದಕಾರಣ ಊರೆಲ್ಲ ಚದುರಿದ ಹತ್ತು ಮನೆಗಳಿಗಿಂತ ಎರಡು ಬೀದಿಗಳ ಹತ್ತು ಮನೆಗಳು ಮೇಲು.

ಹೊಸ ಗಿರಾಕಿಯ ಬಳಿಗೆ ಯಾವಾಗ ಹೋಗಬೇಕೆಂಬುದನ್ನೂ ಬೇಸಾಯದ ಹದದಂತೆಯೇ ತಿಳಿದಿರಬೇಕು. ನಮ್ಮವರು ಗೃಹಪ್ರವೇಶವಾದ ಮೇಲೆ ಹೋಗುತ್ತಾರೆ. ಆ ಹೊತ್ತಿಗೆ ಮನೆಯವರ ಹಣವೂ ಉತ್ಸಾಹವೂ ಮುಗಿದಿರುತ್ತವೆ. ಅಂಗಳದ ಮಣ್ಣೂ ಕೆಟ್ಟಿರುತ್ತದೆ. ಪಾಯ ತೋಡುವ ದಿನವೇ ಹೋಗಿ, “ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಮೂಲೆಗೆ ರಾಶಿಹಾಕಿಸಿ, ಗಾರೆ ಕಲಸುವ ಜಾಗವನ್ನು ಒಂದೇ ಕಡೆಗೆ ಗೊತ್ತುಮಾಡಿ” ಎಂದು ಹೇಳಿದರೆ, ಆ ಮಾತಿಗೆ ಕಾಸಿನ ಖರ್ಚಿಲ್ಲ. ಒಂದು ಗುಂಟೆಗೆ ಅರ್ಧ ಅಡಿಯೆಂದರೆ ೫೪೪ ಘನ ಅಡಿ ಮಣ್ಣು; ಮುಂದೆ ಅದನ್ನು ಕೊಂಡು ಟ್ರಾಕ್ಟರಿನಲ್ಲಿ ಹೇರಿಸುವ ಖರ್ಚು ಮನೆಯವರಿಗೆ ಉಳಿಯಿತು. ಹೀಗೆ ಮೊದಲೇ ಉಪಕಾರ ಮಾಡಿದವನನ್ನು ಬಿಟ್ಟು ಅವರು ಬೇರೊಬ್ಬನನ್ನು ಕರೆಯುವುದು ಅಪರೂಪ. ಈ ಸುದ್ದಿಯನ್ನು ತಿಳಿಸಬಲ್ಲವರು ಗಾರೆ ಮೇಸ್ತ್ರಿಗಳು. ಅವರ ಸ್ನೇಹವು ಕರಪತ್ರಕ್ಕಿಂತ ದೊಡ್ಡದು. ಆಷಾಢದಲ್ಲಿ ಗೃಹಪ್ರವೇಶ ಮಾಡುವವರಿಲ್ಲ. ಆದರೆ ಗಿಡ ನೆಡುವುದಕ್ಕೆ ಆ ತಿಂಗಳು ಒಳ್ಳೆಯದು. ಶ್ರಾವಣದಲ್ಲಿ ಗೃಹಪ್ರವೇಶವಿಟ್ಟುಕೊಂಡವರಿಗೆ ಆಷಾಢದಲ್ಲಿಯೇ ನೆಟ್ಟುಕೊಟ್ಟರೆ, ನೆಂಟರು ಬರುವ ಹೊತ್ತಿಗೆ ಗಿಡ ಚಿಗುರಿರುತ್ತದೆ. ಬಂದ ನೆಂಟರಲ್ಲಿ ಮನೆ ಕಟ್ಟಿಸುತ್ತಿರುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ಒಪ್ಪಂದದಲ್ಲಿ ಸತ್ಯವಂತಿಕೆ ಬೇಕು. ಗಿಡಗಳ ಬೆಲೆ, ಮಣ್ಣು ಗೊಬ್ಬರಗಳ ಬೆಲೆ, ಕೂಲಿ, ತಿಂಗಳ ಪೋಷಣೆ, ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆದುಕೊಡತಕ್ಕದ್ದು. ಪೋಷಣೆಯನ್ನು ತನಗೇ ವಹಿಸಿದ ಮನೆಗಳಲ್ಲಿ ಒಂದು ವರ್ಷದೊಳಗೆ ಸತ್ತ ಗಿಡಕ್ಕೆ ಬದಲು ಗಿಡ ಕೊಡುವೆನೆಂದು ಧೈರ್ಯವಾಗಿ ಬರೆಯಬಹುದು. ನೀರಿನ ಲೆಕ್ಕವನ್ನು ಮೊದಲೇ ಹೇಳಬೇಕು. ನೀರು ಕಡಿಮೆಯಿರುವ ಕಡೆ ಹುಲ್ಲುಹಾಸನ್ನು ಬಿಡಿಸಿ, ದಾಸವಾಳ, ನಂದಿಬಟ್ಟಲು, ಪಾರಿಜಾತ, ಕಾಗದದ ಹೂವು ಮೊದಲಾದವನ್ನು ಪಾತಿ ಮಾಡಿ ನೆಟ್ಟು, ಬುಡಕ್ಕೆ ತರಗು ಮುಚ್ಚಬೇಕು. ಶಾಲೆಯ ಆವರಣಕ್ಕೂ ದನಕರುಗಳು ಬಾಯಿಹಾಕುವ ಕಡೆಗೂ ಕಣಗಿಲೆಯನ್ನು ಕೇಳಿದರೂ ಕೊಡಬಾರದು. ಅದರ ಎಲೆ ವಿಷ. ಇಂದಿನ ಲಾಭವನ್ನು ಬಿಟ್ಟು ಹೀಗೆ ಬೇಡವೆಂದು ಹೇಳಬಲ್ಲವನ ಮಾತನ್ನು ಗಿರಾಕಿಯು ಬೇರೆ ವಿಷಯಗಳಲ್ಲಿಯೂ ನಂಬುತ್ತಾನೆ.

ಚೆನ್ನಾಗಿ ಪೋಷಿಸಿದ ತೋಟವಿದ್ದರೆ ಅದನ್ನು ನಾಲ್ಕು ಜನರಿಗೆ ತೋರಿಸುವ ಮಾರ್ಗಗಳೂ ಉಂಟು. ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ತೋಟಗಾರಿಕೆ ಇಲಾಖೆಯವರೂ, ೧೯೧೨ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘದವರೂ ನಡೆಸುವ ಫಲಪುಷ್ಪ ಪ್ರದರ್ಶನವನ್ನು ಅನೇಕರು ನೋಡಿರಬಹುದು. ಜಿಲ್ಲಾ ಕೇಂದ್ರಗಳಲ್ಲಿಯೂ ಇಂಥ ಪ್ರದರ್ಶನಗಳು ನಡೆಯುತ್ತವೆ. ಕಸುಬಿನವನು ಅಲ್ಲಿ ತನ್ನ ಗಿಡಗಳನ್ನಿಟ್ಟು, ನೋಡಬಂದವರಿಗೆ ತಾನು ಪೋಷಿಸುವ ತೋಟಗಳಿರುವ ಬೀದಿಗಳ ಹೆಸರನ್ನು ಹೇಳಲಿ. ಕೈಯಲ್ಲಿರುವ ದೂರವಾಣಿಯಿಂದ ಅದೇ ತೋಟದ ಚಿತ್ರವನ್ನು ನೆಟ್ಟ ದಿನ ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು ತೆಗೆದಿಟ್ಟು ತೋರಿಸಲಿ. ನೆಟ್ಟ ದಿನದ ಚಿತ್ರವನ್ನು ಯಾರು ಬೇಕಾದರೂ ತೋರಿಸಬಲ್ಲರು. ವರ್ಷದ ಮೇಲಿನ ಚಿತ್ರವನ್ನು ತೋರಿಸುವವರು ವಿರಳ.

ಇನ್ನು ಗ್ರಾಮದ ಯಜಮಾನರು ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇನೆ. ಊರಿನ ಹುಡುಗನೆಂಬ ಸಲಿಗೆಯಿಂದ ಹಬ್ಬಹರಿದಿನಗಳಲ್ಲಿ ಪುಕ್ಕಟೆಯಾಗಿ ಸಸಿಗಳನ್ನು ಕೇಳುವ ರೂಢಿಯನ್ನು ಬಿಡಬೇಕು. ದೇವಸ್ಥಾನದ ಅಂಗಳಕ್ಕೆ ಗಿಡಗಳು ಬೇಕಾದರೆ ಬೆಲೆ ಕೊಟ್ಟು ನೆಡಿಸಿ, ಪೋಷಣೆಗೂ ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಬೇಕು. ಉತ್ಸವಕ್ಕೆ ಬರುವ ಹತ್ತೂರಿನ ಜನರು ಆ ಅಂಗಳವನ್ನು ನೋಡಿಹೋಗುತ್ತಾರೆ. ಪಂಚಾಯಿತಿಯ ಹಣದ ಕೆಲಸಗಳನ್ನು ಮಾತ್ರ ನೆಂಟಸ್ತಿಕೆಯಿಂದ ಕೊಡಿಸಲು ಹೋಗಬಾರದು. ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆಗಾಗಿ ೧೯೯೯ರಲ್ಲಿ ಆದ ಕಾಯಿದೆಗೆ ಅವು ಒಳಪಟ್ಟಿವೆ. ಮೇಲಾಗಿ ಶಿಫಾರಸಿನಿಂದ ಬಂದ ಕೆಲಸವು ಶಿಫಾರಸು ತಪ್ಪಿದ ದಿನವೇ ತಪ್ಪಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪೊರಕೆ ಕತ್ತರಿಗಳನ್ನು ಹಿಡಿದು ಪಟ್ಟಣಕ್ಕೆ ಹೊರಟ ಮಗನನ್ನು ಜಗಲಿಯಲ್ಲಿ ಕುಳಿತವರು ಹಾಸ್ಯ ಮಾಡದಂತೆ ನೋಡಿಕೊಳ್ಳುವುದು ಯಜಮಾನರ ಕೈಯಲ್ಲಿದೆ.

ಮೇಲೆ ಹೇಳಿದ ತಂದೆಯವರು ಕಡೆಗೆ ಒಂದು ವರ್ಷದ ಮಟ್ಟಿಗೆಂದು ಒಪ್ಪಿಕೊಂಡರು. ಹುಡುಗನು ಒಂಬತ್ತು ಮನೆಗಳಿಗೂ ಹೋಗಿ, ಸತ್ತ ಗಿಡಗಳಿಗೆ ಬದಲಾಗಿ ನರ್ಸರಿಯಲ್ಲಿ ಉಳಿದ ಗಿಡಗಳನ್ನು ತನ್ನ ಖರ್ಚಿನಿಂದಲೇ ನೆಡುವೆನೆಂದು ಹೇಳಿದನು. ಕಲ್ಲು ಹಾಸಿದ ಎರಡು ಮನೆಯವರು ಬೇಡವೆಂದರು. ಒಬ್ಬರು ಬಾಗಿಲನ್ನೇ ತೆರೆಯಲಿಲ್ಲ. ಉಳಿದ ಆರು ಮನೆಗಳಿಂದ ಆರಂಭವಾದ ಪೋಷಣೆ ಈಗ ಹತ್ತೊಂಬತ್ತು ಮನೆಗಳಿಗೂ ಒಂದು ಶಾಲೆಗೂ ಮುಟ್ಟಿದೆ. ಹೊಸ ತೋಟಗಳ ಕೆಲಸ ಹೆಚ್ಚಾಗಿ ಆ ಬೀದಿಗಳಿಂದಲೇ ಬರುತ್ತಿದೆ. ಸಾಲ ಪೂರ್ತಿ ತೀರಿಲ್ಲ, ಕಂತು ತಪ್ಪಿಲ್ಲ. ಕಳೆದ ತಿಂಗಳು ನಾನು ಆ ಗ್ರಾಮಕ್ಕೆ ಹೋಗಿದ್ದಾಗ ಹುಡುಗನು ಮನೆಯಲ್ಲಿರಲಿಲ್ಲ. ಎಲ್ಲಿ ಹೋಗಿದ್ದಾನೆಂದು ಕೇಳಿದುದಕ್ಕೆ ತಂದೆಯವರು, ಜಗಲಿಯ ಮೇಲೆ ನಾಲ್ಕು ಮಂದಿ ಕುಳಿತಿದ್ದಾಗಲೇ, “ಶಾಲೆಯ ಅಂಗಳ ಗುಡಿಸಲಿಕ್ಕೆ ಹೋಗಿದ್ದಾನೆ, ಇಂದು ಅದರ ಸರದಿ” ಎಂದು ಹೇಳಿದರು. ಇಂಥ ತಂದೆಯರು ಪ್ರತಿ ಗ್ರಾಮದಲ್ಲಿಯೂ ಒಬ್ಬೊಬ್ಬರಿದ್ದರೆ ಈ ಕಸುಬು ನಮ್ಮಲ್ಲಿ ನೆಲೆಗೊಳ್ಳುವುದರಲ್ಲಿ ನನಗೆ ಸಂದೇಹವಿಲ್ಲ.